ನರಾರಾ ಹವಳದ ದಂಡೆಗೆ ಯಾವ ದಿನ ಹೋದರೆ ಒಳ್ಳೆಯದು?

ಡೊಂಬಿವಲಿ ಅಕ್ಕ:
ಎಲ್ಲರಿಗೂ ನಮಸ್ಕಾರ. ಗುಜರಾತಿನ ಜಾಮ್‌ನಗರದ ಹತ್ತಿರ ಸಮುದ್ರದಲ್ಲೇ ಒಂದು ರಾಷ್ಟ್ರೀಯ ಉದ್ಯಾನ ಇದೆ, ನೀರು ಇಳಿದಾಗ ನಡೆದುಕೊಂಡೇ ಹೋಗಿ ಆಕ್ಟೋಪಸ್ ನೋಡಬಹುದು ಅಂತ ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಾಳೆ. ಅವತ್ತಿನಿಂದ ಅದೇ ಹಠ. ಅತ್ತೆಯೂ ಬರುತ್ತಾರೆ. ಅವರಿಗೆ ಮಂಡಿನೋವು, ಆದರೆ ದ್ವಾರಕೆ ನೋಡಬೇಕು ಅಂತ ತುಂಬಾ ಆಸೆ. 2025ರ ಡಿಸೆಂಬರ್ 26ರಿಂದ 28ಕ್ಕೆ ಟಿಕೆಟ್ ತೆಗೆಯೋಣ ಅಂತಿದ್ದೇವೆ. ದೋಣಿ ಬೇಕಾಗುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಪುಣೆ ಕೊತ್ರೂಡ್:
ಆ ಉದ್ಯಾನದಲ್ಲೇ ಇರುವ ಪಿರೋಟನ್ ದ್ವೀಪಕ್ಕೆ ದೋಣಿಯೂ ಬೇಕು, ಮೊದಲೇ ಅನುಮತಿಯೂ ಬೇಕು. ಮಕ್ಕಳ ಜೊತೆ ಅಂದರೆ ಅದೇ ಉದ್ಯಾನದ ನರಾರಾ ಸಾಕು. ಜಾಮ್‌ನಗರದಿಂದ ಸುಮಾರು 60 ಕಿಲೋಮೀಟರ್, ವಾಡಿನಾರ್ ಹತ್ತಿರ. ಕಾರಿನಲ್ಲಿ ಹೋಗಬಹುದು. ಎಲ್ಲರ ಆಧಾರ್ ಇಟ್ಟುಕೊಳ್ಳಿ.

ಕಾರವಾರದವ, ಬೊರಿವಲಿ:
ಅಕ್ಕಾ, ಟಿಕೆಟ್ ಈಗಲೇ ತೆಗೀಬೇಡಿ. ಮೊದಲು ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ನೀವು ಹೇಳಿದ ದಿನಗಳು ಅಷ್ಟಮಿಯ ಆಸುಪಾಸಿಗೆ ಬರುತ್ತವೆ. ಅಷ್ಟಮಿಗೆ ಸಮುದ್ರ ಜಾಸ್ತಿ ಇಳಿಯುವುದಿಲ್ಲ. ಅಷ್ಟು ದೂರ ಹೋಗಿ ದಡದಲ್ಲಿ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೋಡಿಕೊಂಡು ವಾಪಸ್ ಬಂದರೆ ಮಗುವಿಗೆ ಎಷ್ಟು ಬೇಜಾರು! ಜನವರಿ 3ಕ್ಕೆ ಹುಣ್ಣಿಮೆ, ಶನಿವಾರ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನ, ಅದರಾಚೆ ದಿನ ನೀರು ತುಂಬಾ ದೂರ ಸರಿಯುತ್ತದೆ. ನರಾರಾ ಇರುವ ಕಛ್ ಕೊಲ್ಲಿಯಲ್ಲಂತೂ ಉಬ್ಬರ-ಇಳಿತದ ವ್ಯತ್ಯಾಸ ನಮ್ಮ ಕಾರವಾರಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮುಂಬೈ ಸಮುದ್ರದ ಸಮಯ ಅಲ್ಲಿಗೆ ನಡೆಯುವುದಿಲ್ಲ. ಸಿಕ್ಕಾ ಅಥವಾ ಓಖಾ ಬಂದರಿನ ಟೈಡ್ ಟೇಬಲ್ (ಉಬ್ಬರ-ಇಳಿತದ ಸಮಯಪಟ್ಟಿ) ನೋಡಿ. ಇಳಿತ ಹಗಲಿಗೇ ಬೀಳಬೇಕು. ಅದು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮುಂಚೆಯೇ ಗೇಟಿನಲ್ಲಿರಿ. ಇಳಿಯುವ ನೀರಿನ ಹಿಂದೆಯೇ ನಡೆಯಬೇಕು. ಅದು ತಿರುಗಿತು ಅಂದರೆ ನೀವೂ ತಿರುಗಬೇಕು. ಅಲ್ಲಿ ಗೈಡ್ ಸಿಗುತ್ತಾರೆ, ಅವರಿಲ್ಲದೆ ಇಳಿಯಬೇಡಿ.

ಚಪ್ಪಲಿ ಬೇಡ, ಕೆಸರು ಎಳೆದುಕೊಂಡುಬಿಡುತ್ತದೆ. ದಪ್ಪ ತಳದ, ಲೇಸ್ ಇರುವ ಹಳೇ ಶೂ ಹಾಕಿ. ಕುಡಿಯುವ ನೀರು, ತಿಂಡಿ ಇಲ್ಲಿಂದಲೇ ಒಯ್ಯಿರಿ.

ಇನ್ನೊಂದು ಮಾತು ಮಗಳಿಗೆ ಹೊರಡುವ ಮೊದಲೇ ಹೇಳಿ. ಕೆಲವು ಗೈಡ್‌ಗಳು ಫೋಟೋಗೆ ಅಂತ ಪಫರ್ ಮೀನನ್ನು ನೀರಿನಿಂದ ಎತ್ತಿ ಕೈಯಲ್ಲಿ ಉಬ್ಬಿಸಿ ತೋರಿಸುತ್ತಾರೆ. ಅದು ಹೆದರಿ ಉಬ್ಬುವುದು. ನೀರು ನುಂಗಬೇಕಾದ ಮೀನು ಹೊರಗೆ ಗಾಳಿ ನುಂಗುತ್ತದೆ, ಆಮೇಲೆ ಆ ಗಾಳಿ ಬಿಡುವುದು ಅದಕ್ಕೆ ಕಷ್ಟ. "ಎತ್ತಬೇಡಿ, ನೀರಲ್ಲೇ ತೋರಿಸಿ" ಅಂತ ಮೊದಲೇ ಹೇಳಿಬಿಡಿ. ಹೇಳಿದರೆ ಕೇಳುತ್ತಾರೆ. ಕೂತು ಕಾದರೆ ಎಲ್ಲ ತಾನಾಗಿ ಕಾಣುತ್ತದೆ. ಒಂದು ಗುಂಡಿಯಲ್ಲಿ ಕಲ್ಲಿನ ಸಂದಿಯಿಂದ ಒಂದು ಕಣ್ಣು ಮಾತ್ರ ನಮ್ಮನ್ನು ನೋಡುತ್ತಿತ್ತು. ಉಳಿದದ್ದೆಲ್ಲ ಕಲ್ಲು ಅಂದುಕೊಂಡಿದ್ದೆವು. ನೋಡುತ್ತಿದ್ದ ಹಾಗೇ ಆ ಕಲ್ಲು ಬಿಳಿಚಿಕೊಂಡಿತು, ಮತ್ತೆ ಕಂದಾಯಿತು, ಒಂದು ತೋಳು ಮೆಲ್ಲಗೆ ಹೊರಗೆ ಬಂತು. ಆಕ್ಟೋಪಸ್!

ಹವಳದ ಮೇಲಂತೂ ಕಾಲಿಡಲೇಬೇಡಿ. ಅದು ಜೀವ, ಬೆಳೆಯುವುದು ತೀರಾ ನಿಧಾನ. ಮರಳು, ಬರೀ ಕಲ್ಲು ನೋಡಿ ಹೆಜ್ಜೆ ಹಾಕಿ. 1982ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದು ಸಮುದ್ರದ ಜೀವಿಗಳಿಗೋಸ್ಕರ. ಚಿಪ್ಪು, ಹವಳದ ಚೂರು ಏನನ್ನೂ ತರಬಾರದು.

ವಾಸ್ಕೊ ವಾಸಿ:
ಅತ್ತೆಯವರನ್ನು ನರಾರಾಕ್ಕೆ ಇಳಿಸಬೇಡಿ, ಹಳ್ಳ-ದಿಣ್ಣೆ ಜಾಸ್ತಿ, ಜಾರುತ್ತದೆ. ಅವರಿಗೆ ಜಾಮ್‌ನಗರದ ಹತ್ತಿರದ ಖಿಜಡಿಯಾ ಪಕ್ಷಿಧಾಮ ತೋರಿಸಿ. ಕಟ್ಟೆಯ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು. ಚಳಿಗಾಲದಲ್ಲಿ ಫ್ಲೆಮಿಂಗೋ, ಪೆಲಿಕನ್ ಎಲ್ಲ ಇರುತ್ತವೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ.

ಡೊಂಬಿವಲಿ ಅಕ್ಕ:
ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಹುಣ್ಣಿಮೆಗೆ ದ್ವಾರಕೆ ಅಂದರೆ ಇನ್ನೂ ಒಳ್ಳೆಯದೇ ಆಯಿತು ಅಂದರು. ಶಾಲೆಗೆ ಒಂದೆರಡು ದಿನ ರಜೆ ಕೇಳುತ್ತೇನೆ. ರೈಲು ಯಾವುದು ಸರಿ?

ಕಾರವಾರದವ, ಬೊರಿವಲಿ:
ಸೌರಾಷ್ಟ್ರ ಮೇಲ್. ರಾತ್ರಿ ಮುಂಬೈ ಸೆಂಟ್ರಲ್‌ನಿಂದ ಹೊರಡುತ್ತದೆ, ಬೊರಿವಲಿಯಲ್ಲೂ ನಿಲ್ಲುತ್ತದೆ. ಮರುದಿನ ಜಾಮ್‌ನಗರ. ಅದೇ ಗಾಡಿ ಮುಂದೆ ದ್ವಾರಕೆ ಮೇಲೆ ಓಖಾಕ್ಕೆ ಹೋಗುತ್ತದೆ. ಹೋದ ದಿನವೇ ನರಾರಾ ಇಟ್ಟುಕೊಳ್ಳಬೇಡಿ, ಗಾಡಿ ತಡವಾದರೆ ಇಳಿತ ಕೈತಪ್ಪುತ್ತದೆ. ಮತ್ತೆ, ಅಷ್ಟರೊಳಗೆ ಒಂದು ಭಾನುವಾರ ಮಗಳನ್ನು ಹಾಜಿ ಅಲಿ ಕಡೆಯ ಬಂಡೆಗಳಿಗೆ ಇಳಿತದ ಹೊತ್ತಿಗೆ ಕರೆದುಕೊಂಡು ಹೋಗಿ. ಏಡಿ, ಹೂವಿನ ಹಾಗೆ ಕಾಣುವ ಸೀ ಅನಿಮೋನ್ ಜೀವಿಗಳು ನಮ್ಮ ಮುಂಬೈಯಲ್ಲೂ ಇವೆ. ಎಲ್ಲಿ ಕಾಲಿಡಬೇಕು ಅನ್ನುವ ಅಭ್ಯಾಸವೂ ಆಗುತ್ತದೆ.