ಶೀ-ಹಲ್ಕ್ ಐದನೇ ಕಂತು: ಹೆಸರಿನ ಕೇಸು ನಿಜವಾದ ಕೋರ್ಟಿನಲ್ಲಿ ನಿಲ್ಲುತ್ತಿತ್ತಾ?

ಬೆಂಚ್‌ಕ್ಲರ್ಕ್:
ಮಾರ್ವೆಲ್‌ನ ಟಿವಿ ಸರಣಿ 'ಶೀ-ಹಲ್ಕ್: ಅಟಾರ್ನಿ ಅಟ್ ಲಾ' (2022, ಒಂಬತ್ತು ಕಂತು) ಪೂರ್ತಿ ನೋಡಿರುವವರಿಗೆ ಒಂದು ಪ್ರಶ್ನೆ. ನಾಯಕಿ ಜೆನಿಫರ್ (ಜೆನ್) ವಾಲ್ಟರ್ಸ್ ವಕೀಲೆ, ಗಾಮಾ ಕಿರಣದ ಪ್ರಭಾವದಿಂದ ಹಲ್ಕ್‌ನಂತೆ ಹಸಿರು ದೈತ್ಯೆಯಾಗಬಲ್ಲವಳು. ಜನ ಅವಳಿಗಿಟ್ಟ ಹೆಸರೇ 'ಶೀ-ಹಲ್ಕ್'. ನಾಲ್ಕನೇ ಕಂತಿನ ಕೊನೆಯಲ್ಲಿ ಅವಳ ಎದುರಾಳಿ ಟೈಟಾನಿಯಾ ಕಡೆಯಿಂದ ಜೆನಿಫರ್ ವಾಲ್ಟರ್ಸ್‌ಗೆ ಕೋರ್ಟಿನ ಕಾಗದ ಬರುತ್ತೆ: 'ಶೀ-ಹಲ್ಕ್' ಟ್ರೇಡ್‌ಮಾರ್ಕ್ ನನ್ನದು, ನೀನು ಬಳಸುವ ಹಾಗಿಲ್ಲ ಅಂತ. ಐದನೇ ಕಂತಿನಲ್ಲಿ ಸಹೋದ್ಯೋಗಿ ವಕೀಲೆ ಮ್ಯಾಲರಿ ಬುಕ್ ಜೆನ್ ಪರ ವಾದಿಸಿ, ಜೆನ್ 'ಶೀ-ಹಲ್ಕ್' ಹೆಸರಲ್ಲಿ ಮಾಡಿದ್ದ ಡೇಟಿಂಗ್ ಆ್ಯಪಿನ ಪ್ರೊಫೈಲ್ ಮುಂದಿಟ್ಟು, ಅಲ್ಲಿ ಸಿಕ್ಕ ಗಂಡಸರನ್ನೇ ಸಾಕ್ಷಿಕಟ್ಟೆ ಹತ್ತಿಸಿ ಗೆಲ್ಲುತ್ತಾಳೆ.

ಹಾಸ್ಯವಾಗಿ ಚೆನ್ನಾಗಿದೆ, ತಕರಾರಿಲ್ಲ. ಆದರೆ ಡೇಟಿಂಗ್ ಪ್ರೊಫೈಲ್ ಟ್ರೇಡ್‌ಮಾರ್ಕ್ ಕೇಸಿಗೆ ಸಾಕ್ಷ್ಯ ಆಗುತ್ತಾ? 'ನನ್ನನ್ನು ಹಾಗೆ ಕರೀಬೇಡಿ' ಎಂದು ಜೆನ್ ಬಾಯಲ್ಲೇ ಹೇಳಿದ ವಿಡಿಯೊ ಇದ್ದರೂ ಹೆಸರು ಅವಳದ್ದೇ ಆಗುತ್ತಾ? ಉಳಿದ ಕೇಸುಗಳಲ್ಲಿ ಎಲ್ಲಿ ಎಡವಿದ್ದಾರೆ ಅಂತಲೂ ಗೊತ್ತಿದ್ದವರು ಹೇಳಿ.

ಕಲಂ_34:
ಗೆಲ್ಲುತ್ತಿದ್ದಳು. ಆದರೆ ಆ ದಾರಿಯಲ್ಲಲ್ಲ.

ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಹಕ್ಕು ಹುಟ್ಟುವುದು ವ್ಯಾಪಾರದಲ್ಲಿ ಬಳಸುವುದರಿಂದ. ನೋಂದಣಿ ಆ ಹಕ್ಕಿಗೆ ಬಲ ಕೊಡುವ ಕಾಗದ, ಅಷ್ಟೇ. ಡೇಟಿಂಗ್ ಪ್ರೊಫೈಲಿನಲ್ಲಿ ಯಾವ ಸರಕೂ ಇಲ್ಲ, ಯಾವ ಸೇವೆಯ ಮಾರಾಟವೂ ಇಲ್ಲ. ಅದನ್ನು 'ಮೊದಲ ಬಳಕೆ' ಎಂದು ತೋರಿಸಿದರೆ ಎದುರು ವಕೀಲ ಎರಡೇ ನಿಮಿಷದಲ್ಲಿ ಕತ್ತರಿಸಿ ಹಾಕುತ್ತಾನೆ. ಮ್ಯಾಲರಿಯಂಥ ಘಟಾನುಘಟಿ ಇಷ್ಟು ಬಡಕಲು ವಾದವನ್ನೇ ನೆಚ್ಚಿಕೊಂಡಿದ್ದು ಆಶ್ಚರ್ಯ.

ಸರಿಯಾದ ಆಯುಧ ಅಮೆರಿಕದ ಟ್ರೇಡ್‌ಮಾರ್ಕ್ ಕಾನೂನಾದ ಲ್ಯಾನ್‌ಹ್ಯಾಮ್ ಕಾಯ್ದೆಯ ಸೆಕ್ಷನ್ 2(ಸಿ). ಬದುಕಿರುವ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಗುರುತಿಸುವ ಹೆಸರನ್ನು ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಇಲ್ಲದೆ ನೋಂದಾಯಿಸುವಂತಿಲ್ಲ. ಅಡ್ಡಹೆಸರೂ ಇದರೊಳಗೆ ಬರುತ್ತದೆ, ಜನ ಆ ಹೆಸರು ಕೇಳಿ ಆ ವ್ಯಕ್ತಿಯನ್ನೇ ನೆನೆಯುತ್ತಾರೆ ಎಂದು ತೋರಿಸಿದರೆ ಸಾಕು. 2024ರಲ್ಲಿ ಟ್ರಂಪ್ ಹೆಸರಿನ ಟೀ ಶರ್ಟ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಇದೇ ಸೆಕ್ಷನ್ನನ್ನು. ಹೀಗಿರುವಾಗ ಆ ಬಡಪಾಯಿ ಗಂಡಸರ ಸಾಕ್ಷಿ ಬೇಕೇ ಇಲ್ಲ, ಟಿವಿ ಸುದ್ದಿಯ ತುಣುಕುಗಳು ಸಾಕು. ನೋಂದಣಿಯಾಗಿ ಐದು ವರ್ಷ ಕಳೆದಿದ್ದರೂ ಈ ಆಧಾರದ ಮೇಲೆ ಯಾವಾಗ ಬೇಕಾದರೂ ರದ್ದು ಕೋರಬಹುದು. ಕೇಸು ಆಗಲೇ ಕೋರ್ಟಿನಲ್ಲಿದ್ದರೆ ಅಲ್ಲೇ ಪ್ರತಿದಾವೆಯಲ್ಲಿ ರದ್ದತಿ ಕೇಳಬಹುದು, ಟ್ರೇಡ್‌ಮಾರ್ಕ್ ಕಚೇರಿಗೆ ಬೇರೆಯಾಗಿ ಅಲೆಯಬೇಕಿಲ್ಲ.

ಇನ್ನು ವಿಡಿಯೊ. 'ಆ ಹೆಸರು ಬೇಡ' ಎಂದಿದ್ದು ಮಾರಕವೇನಲ್ಲ. ಹೆಸರನ್ನು ಜನ ಇಟ್ಟರೋ ನೀವೇ ಇಟ್ಟುಕೊಂಡಿರೋ ಎನ್ನುವುದು ಇಲ್ಲಿ ಮುಖ್ಯವಲ್ಲ. 'ಕೋಕ್' ಎನ್ನುವುದು ಜನರ ಬಾಯಲ್ಲಿ ಹುಟ್ಟಿದ ಹೆಸರು, ಕಂಪನಿ ಮೊದಲು ಅದನ್ನು ಇಷ್ಟಪಟ್ಟಿರಲೂ ಇಲ್ಲ. ಆದರೂ ಹಕ್ಕು ಕಂಪನಿಯದೇ ಆಯಿತು.

ಬೆಂಚ್‌ಕ್ಲರ್ಕ್:
ಟೈಟಾನಿಯಾ ಮಾರುವುದು ಸೌಂದರ್ಯವರ್ಧಕ, ಜೆನ್ ಮಾಡುವುದು ವಕೀಲಿಕೆ. ಎರಡೂ ಬೇರೆ ಬೇರೆ ಅಲ್ಲವಾ ಸರ್? ಹಾಗಾದರೆ ಟೈಟಾನಿಯಾ ಕೇಸಿಗೆ ಬುಡವೇ ಇಲ್ಲ ಅನ್ನಬಹುದಾ?

ಕಲಂ_34:
ಬುಡ ಸಡಿಲ ಅನ್ನಿ. ಕ್ರೀಮು, ಲಿಪ್‌ಸ್ಟಿಕ್ 3ನೇ ವರ್ಗ, ಕಾನೂನು ಸೇವೆ 45ನೇ ವರ್ಗ. ವರ್ಗ ಬೇರೆಯಾದ ಮಾತ್ರಕ್ಕೆ ಕೇಸು ತಾನಾಗಿ ಬೀಳುವುದಿಲ್ಲ, 'ಗ್ರಾಹಕರಿಗೆ ಗೊಂದಲವಾಗುತ್ತದೆಯೇ' ಎಂಬ ಪ್ರಶ್ನೆ ಉಳಿಯುತ್ತದೆ. ಮುಖಕ್ಕೆ ಹಚ್ಚುವ ಕ್ರೀಮು ಕೊಳ್ಳಲು ಹೋದವರು ದಾರಿ ತಪ್ಪಿ ವಕೀಲರ ಚೇಂಬರಿಗೆ ನುಗ್ಗುತ್ತಾರೆ ಎಂದು ನಂಬಿಸುವುದು ಕಷ್ಟ. ತಿರುಗಿಸಿ ನೋಡಿದರೆ ಗೊಂದಲ ನಿಜ: ಆ ಕ್ರೀಮು ಶೀ-ಹಲ್ಕ್ ಒಪ್ಪಿ ಮಾರುತ್ತಿರುವುದು ಎಂದೇ ಜನ ಅಂದುಕೊಳ್ಳುತ್ತಾರೆ.

ಅಲ್ಲೇ ಎರಡನೇ ಆಯುಧ ಸಿಗುತ್ತದೆ. ಕ್ಯಾಲಿಫೋರ್ನಿಯ ಸಿವಿಲ್ ಕೋಡಿನ ಸೆಕ್ಷನ್ 3344ರ ಪ್ರಕಾರ ಒಬ್ಬರ ಹೆಸರು, ಚಿತ್ರ, ಧ್ವನಿಯನ್ನು ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಿದರೆ ಕನಿಷ್ಠ 750 ಡಾಲರ್, ನಿಜವಾದ ನಷ್ಟ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು. ಅಡ್ಡಹೆಸರಿಗೆ ಪೂರ್ವನಿದರ್ಶನ ಬೇಕೆಂದರೆ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ 1979ರ ಹರ್ಷ್ ಕೇಸು. ಫುಟ್ಬಾಲ್ ಆಟಗಾರ ಎಲ್‌ರಾಯ್ ಹರ್ಷ್ 'ಕ್ರೇಜಿಲೆಗ್ಸ್' ಎಂದೇ ಹೆಸರಾದವನು. ಅದೇ ಹೆಸರಿನಲ್ಲಿ ಒಂದು ಕಂಪನಿ ಹೆಂಗಸರ ಶೇವಿಂಗ್ ಜೆಲ್ ತಂದಿತು. ಅಡ್ಡಹೆಸರಿಗೂ ರಕ್ಷಣೆ ಉಂಟು ಎಂದಿತು ಕೋರ್ಟು. ಬೇರೆ ರಾಜ್ಯದ ತೀರ್ಪು, ಕ್ಯಾಲಿಫೋರ್ನಿಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಸಂಗತಿ ನೋಡಿ, ಅಚ್ಚೊತ್ತಿದ ಹಾಗಿದೆ.

ನಮ್ಮಲ್ಲಾದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 14ರಡಿ ಬದುಕಿರುವವರ ಅಥವಾ ತೀರಿಕೊಂಡು ಇಪ್ಪತ್ತು ವರ್ಷವಾಗದವರ ಹೆಸರಿಗೆ ನಂಟು ಸೂಚಿಸುವ ಅರ್ಜಿ ಬಂದರೆ ರಿಜಿಸ್ಟ್ರಾರರು ಲಿಖಿತ ಒಪ್ಪಿಗೆ ಕೇಳಬಹುದು.

ಇನ್ನೊಂದು ಎಡವಟ್ಟು ವೇಗ. ಅಮೆರಿಕದಲ್ಲಿ ಅರ್ಜಿಯ ಪರಿಶೀಲನೆಗೇ ತಿಂಗಳುಗಳು ಬೇಕು, ಆಮೇಲೆ ಟ್ರೇಡ್‌ಮಾರ್ಕ್ ಕಚೇರಿಯ ಗೆಜೆಟಿನಲ್ಲಿ ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಬಿಡಬೇಕು. ಹೆಸರು ಹುಟ್ಟಿದ ಕೆಲವೇ ವಾರದಲ್ಲಿ ಟೈಟಾನಿಯಾ ಕೈಗೆ ನೋಂದಣಿ ಬಂದದ್ದು ಗಾಮಾ ಕಿರಣಕ್ಕಿಂತ ದೊಡ್ಡ ಪವಾಡ.

ಮೂರನೇ_ಸಾಲು:
ಟ್ರೇಡ್‌ಮಾರ್ಕ್ ಪರವಾಗಿಲ್ಲ. ನಿಜವಾದ ತೂತು ಇರುವುದು ಜೆನ್ ನಡೆಸುವ ಬ್ಲಾನ್ಸ್‌ಕಿಯ ಪರೋಲ್ ಕೇಸಿನಲ್ಲಿ (ಕಂತು 2, 3).

ಎಮಿಲ್ ಬ್ಲಾನ್ಸ್‌ಕಿ ಹಿಂದೆ ಜೆನ್‌ಳ ಕಸಿನ್ ಬ್ರೂಸ್‌ನನ್ನೇ (ಅವನೇ ಹಲ್ಕ್) ಕೊಲ್ಲಲು ಹೊರಟಿದ್ದವನು. ಜೆನ್ ಫೋನ್ ಮಾಡಿ ಬ್ರೂಸ್‌ನ ಒಪ್ಪಿಗೆ ಪಡೆದು ವಕಾಲತ್ತು ವಹಿಸಿಕೊಳ್ಳುತ್ತಾಳೆ. ಮನೆಯವರ ಮನಸ್ಸು ಕೇಳಿದ್ದು ಒಳ್ಳೆಯದೇ. ಆದರೆ ಕ್ಯಾಲಿಫೋರ್ನಿಯ ವಕೀಲರ ನಡತೆ ನಿಯಮ 1.7ಕ್ಕೆ ಬ್ರೂಸ್ ಒಪ್ಪಿಗೆಯ ಅಗತ್ಯವಿಲ್ಲ. ಸಂಬಂಧಿಕರ ಮೇಲಿನ ಮಮತೆಯಿಂದ ವಕೀಲರ ಕೆಲಸ ಸೊರಗಬಹುದಾದ್ದರಿಂದ, ಎಲ್ಲ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕಾದ್ದು ಕಕ್ಷಿದಾರನಿಂದ, ಅಂದರೆ ಬ್ಲಾನ್ಸ್‌ಕಿಯಿಂದ. 

ಪರೋಲ್ ಇನ್ನೂ ವಿಚಿತ್ರ. ನಮ್ಮಲ್ಲಿ ಪರೋಲ್ ಎಂದರೆ ಮನೆಯಲ್ಲಿ ಮದುವೆಯೋ ಸಾವೋ ಆದಾಗ ಕೆಲ ದಿನ ಹೊರಬಂದು ವಾಪಸ್ ಹೋಗುವುದು. ಅಲ್ಲಿ ಅದು ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲಿನ ಬಿಡುಗಡೆ. ಬ್ಲಾನ್ಸ್‌ಕಿ ಇರುವುದು ಫೆಡರಲ್ ಸಂಸ್ಥೆಯಾದ ಡ್ಯಾಮೇಜ್ ಕಂಟ್ರೋಲಿನ ಜೈಲಿನಲ್ಲಿ. ನವೆಂಬರ್ 1, 1987ರಿಂದೀಚೆಗೆ ನಡೆದ ಅಪರಾಧಗಳಿಗೆ ಫೆಡರಲ್ ಪರೋಲ್ ಎಂಬುದೇ ಇಲ್ಲ. ಅವನು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯನ್ನು ಪುಡಿಪುಡಿ ಮಾಡಿದ ಹಲ್ಕ್ ಸಿನಿಮಾ ಬಂದದ್ದು 2008ರಲ್ಲಿ. ಅಂದಮೇಲೆ ಆ ಮಂಡಳಿ ಯಾವ ಅಧಿಕಾರದ ಮೇಲೆ ಕೂತಿತು?

ಎಂಟನೇ ಕಂತಿನಲ್ಲಿ ಮ್ಯಾಟ್ ಮರ್ಡಾಕ್ (ಡೇರ್‌ಡೆವಿಲ್) ಲಾಸ್ ಏಂಜಲೀಸಿನ ಕೋರ್ಟಿನಲ್ಲಿ ದರ್ಜಿ ಲ್ಯೂಕ್ ಪರ ನಿಲ್ಲುತ್ತಾನಲ್ಲ, ಅವನು ನ್ಯೂಯಾರ್ಕಿನ ವಕೀಲ. ಕ್ಯಾಲಿಫೋರ್ನಿಯ ಕೋರ್ಟ್ ನಿಯಮ 9.40ರಂತೆ ಸ್ಥಳೀಯ ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು, ಶುಲ್ಕ ಕಟ್ಟಿ, ಕೋರ್ಟಿನ ಅನುಮತಿ ಪಡೆಯಬೇಕು. ಪಕ್ಕದಲ್ಲಿ ಅಂಥವರು ಯಾರೂ ಕಾಣಲಿಲ್ಲ. ಅವನು ಗೆಲ್ಲುವ ವಾದ ಮಾತ್ರ ಪರವಾಗಿಲ್ಲ: ಲ್ಯೂಕ್ ಮೇಲೆ ಕೇಸು ಹಾಕಿದ ಜೆನ್‌ಳ ಕಕ್ಷಿದಾರ ಲೀಪ್-ಫ್ರಾಗ್, ಲ್ಯೂಕ್ ಮಾಡಿಕೊಟ್ಟ ಬೂಟಿಗೆ ಜೆಟ್ ಇಂಧನ ತುಂಬಿ ತಾನೇ ಕಾಲು ಸುಟ್ಟುಕೊಂಡಿದ್ದ. ಆದರೂ ಕ್ಯಾಲಿಫೋರ್ನಿಯದಲ್ಲಿ ಬಳಕೆದಾರನ ತಪ್ಪಿಗೆ ಸಾಮಾನ್ಯವಾಗಿ ಪರಿಹಾರದ ಮೊತ್ತ ಇಳಿಯುತ್ತದೆ. ಅಂಥ ದುರ್ಬಳಕೆಯನ್ನು ತಯಾರಿಸಿದವರು ಊಹಿಸಲೂ ಆಗುತ್ತಿರಲಿಲ್ಲ ಎಂದಾದರೆ ಮಾತ್ರ ಪೂರ್ತಿ ಬೀಳುತ್ತದೆ. ಕಪ್ಪೆ ವೇಷ ಹಾಕಿ ಹಾರುವವನ ವಿಷಯದಲ್ಲಿ ಯಾವುದನ್ನು ಊಹಿಸಲಾಗದು ಅನ್ನುವುದು?

ಹಳೇಕಾಮಿಕ್ಸ್:
ಹೆಸರಿನ ಜಗಳವನ್ನೇ ಕೇಸು ಮಾಡಿದ್ದಕ್ಕೆ ಒಂದು ಹಿನ್ನೆಲೆ ಇದೆ. ಈ ಪಾತ್ರ ಹುಟ್ಟಿದ್ದೇ ಹಕ್ಕಿನ ಭಯದಿಂದ. 1977ರಿಂದ ಹಲ್ಕ್ ಟಿವಿ ಸರಣಿ ಜೋರಾಗಿ ಓಡುತ್ತಿತ್ತು. ಅದರ ನಿರ್ಮಾಪಕ ಕೆನೆತ್ ಜಾನ್ಸನ್ ಅದಕ್ಕೂ ಮುಂಚೆ 'ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್'ನಿಂದ 'ಬಯಾನಿಕ್ ವುಮನ್' ಹೊರಡಿಸಿದ್ದವನು. ಟಿವಿಯವರು ಹೆಣ್ಣು ಹಲ್ಕ್ ಮಾಡಿಬಿಟ್ಟರೆ ಆ ಪಾತ್ರ ಕೈತಪ್ಪುತ್ತದೆ ಎಂದು ಮಾರ್ವೆಲ್ ತಾನೇ ಮೊದಲು ಅಚ್ಚು ಹಾಕಿಸಿತು. 'ಸ್ಯಾವೇಜ್ ಶೀ-ಹಲ್ಕ್' ಮೊದಲ ಸಂಚಿಕೆ, ಮುಖಪುಟದ ದಿನಾಂಕ ಫೆಬ್ರವರಿ 1980, ಸ್ಟ್ಯಾನ್ ಲೀ ಮತ್ತು ಜಾನ್ ಬುಸೆಮಾ. 25 ಸಂಚಿಕೆ ನಡೆಯಿತು. ಒಂಬತ್ತನೇ ಕಂತು ಆ ಟಿವಿ ಸರಣಿಯ ಟೈಟಲ್ ದೃಶ್ಯವನ್ನು ಅಣಕಿಸಿಯೇ ಶುರುವಾಗುವುದು.

ಓದುಗರ ಕಡೆ ತಿರುಗಿ ಮಾತಾಡುವ ಚಾಳಿಯನ್ನು ಜೆನ್‌ಗೆ 1989ರಲ್ಲಿ ಕಾಮಿಕ್ಸ್‌ನಲ್ಲಿ ಕಲಿಸಿದ್ದು ಜಾನ್ ಬರ್ನ್. ಕೊನೆಯ ಕಂತಿನಲ್ಲಿ ಮಾರ್ವೆಲ್ ಕಥೆಗಳನ್ನು ನಿರ್ಧರಿಸುವ ಕೆವಿನ್ ಎಂಬ ಯಂತ್ರ ಜೆನ್‌ಗೆ 'ಗ್ರಾಫಿಕ್ಸ್‌ನವರು ಬೇರೆ ಕೆಲಸಕ್ಕೆ ಹೋದರು, ಕ್ಯಾಮೆರಾ ಆಚೆ ಹೋಗಿ ಮನುಷ್ಯಳಾಗು' ಎನ್ನುವ ತಮಾಷೆಯ ಬೇರು ಅಲ್ಲಿದೆ. ಟಿವಿ ಬರವಣಿಗೆಯ ಮುಖ್ಯಸ್ಥೆ ಜೆಸಿಕಾ ಗಾವ್ ಅದನ್ನು ಸರಿಯಾಗಿ ಹಿಡಿದಿದ್ದಾರೆ. ಜೆನ್ ಸೇರುವ ಸಂಸ್ಥೆಯ ಹೆಸರಿನ ಗುಡ್‌ಮನ್, ಲೀಬರ್, ಕರ್ಟ್ಸ್‌ಬರ್ಗ್ ಮಾರ್ವೆಲ್‌ನ ಮೊದಲ ಪ್ರಕಾಶಕ, ಸ್ಟ್ಯಾನ್ ಲೀ, ಚಿತ್ರಕಾರ ಜ್ಯಾಕ್ ಕರ್ಬಿ ಇವರ ಮೂಲ ಮನೆಹೆಸರುಗಳು. 2004ರಲ್ಲಿ ಕಾಮಿಕ್ಸ್‌ನಲ್ಲಿ ಡ್ಯಾನ್ ಸ್ಲಾಟ್ ಕಟ್ಟಿದ ಆಫೀಸು ಅದು.

ಕಾನೂನು ಗಟ್ಟಿಯಾಗಿರುವುದೇ ಬೇಕಿದ್ದರೆ ಚಾರ್ಲ್ಸ್ ಸೋಲ್ ಬರೆದ 2014ರ 'ಶೀ-ಹಲ್ಕ್' ಕಾಮಿಕ್ಸ್‌ನ 12 ಸಂಚಿಕೆ ಓದಿ. ಅವರು ಸ್ವತಃ ವಕೀಲರು. ವೃದ್ಧ ಕ್ಯಾಪ್ಟನ್ ಅಮೆರಿಕದ ಮೇಲಿನ ಕೇಸಿನಲ್ಲಿ ಜೆನ್ ಮತ್ತು ಮ್ಯಾಟ್ ಎದುರುಬದುರಾಗುವುದು 8ರಿಂದ 10ರವರೆಗೆ.

ಬೆಂಚ್‌ಕ್ಲರ್ಕ್:
8ರಿಂದಲೇ ಶುರು ಮಾಡಬಹುದಾ, 1ರಿಂದ ಬೇಕಾ?

ಹಳೇಕಾಮಿಕ್ಸ್:
1 ಓದಿ, ಆಮೇಲೆ 8ಕ್ಕೆ ಹಾರಿ. ನಡುವಿನ ನೀಲಿ ಫೈಲಿನ ಗುಟ್ಟು ಬಿಚ್ಚುವುದು 12ರಲ್ಲಿ, ಅದನ್ನು ಮಾತ್ರ ಮೊದಲೇ ತೆರೆಯಬೇಡಿ.