ಝಳದಲ್ಲಿ ಕದಡಿದ ಅಕ್ಷರಗಳನ್ನು ತಂತ್ರಾಂಶ ತಿದ್ದಿ ಬರೆಯಬಹುದೇ?

ನೀಲಿಮುಗಿಲು:
ಇಳಿಯಲು ಬರುತ್ತಿದ್ದ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನವೊಂದನ್ನು ಮಧ್ಯಾಹ್ನದ ಬಿಸಿಲಿನಲ್ಲಿ ದೂರದಿಂದ ತೆಗೆದಿದ್ದೆ. ಕಾದ ನೆಲದ ಝಳದಿಂದ ಕಿಟಕಿಗಳ ಸಾಲು ಬಳುಕಿತ್ತು, ಬಾಲದ ಬಳಿಯ ನೋಂದಣಿ ಅಕ್ಷರಗಳು ಕದಡಿದ್ದವು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಚಿತ್ರವನ್ನು ಚುರುಕುಗೊಳಿಸುವ ತಂತ್ರಾಂಶವನ್ನು ಬಳಸಿದಾಗ ಎಲ್ಲವೂ ಸ್ಫುಟವಾಗಿ ಮೂಡಿತು. ಆದರೆ ವಿಮಾನಚಿತ್ರಗಳನ್ನು ಪರಿಶೀಲಿಸಿ ಪ್ರಕಟಿಸುವ ತಾಣವೊಂದು, ವಿವರಗಳು ಕೃತಕವಾಗಿವೆ ಎಂಬ ಕಾರಣ ನೀಡಿ ಅದನ್ನು ತಿರಸ್ಕರಿಸಿದೆ. ಸೆನ್ಸರ್ ಮೇಲೆ ಕುಳಿತ ಧೂಳಿನ ಚುಕ್ಕೆಗಳನ್ನು ಅಳಿಸಿಯೇ ಕಳುಹಿಸಬೇಕೆಂಬುದು ಅದೇ ತಾಣದ ನಿಯಮ. ಧೂಳು ವಿಮಾನದ ಭಾಗವಲ್ಲ, ಝಳವೂ ವಿಮಾನದ ಭಾಗವಲ್ಲ. ಹಾಗಿರುವಾಗ ಒಂದನ್ನು ತೆಗೆಯಲೇಬೇಕು, ಇನ್ನೊಂದನ್ನು ತೆಗೆಯಬಾರದು ಎನ್ನುವುದಕ್ಕೆ ಆಧಾರವೇನು? ನೋಡುವವರಿಗೆ ಅಂದವಾದ, ಸ್ಪಷ್ಟವಾದ ವಿಮಾನವನ್ನು ತೋರಿಸುವುದರಲ್ಲಿ ಯಾವ ಮೋಸವೂ ನನಗೆ ಕಾಣುತ್ತಿಲ್ಲ.

ದೂರನೋಟ:
ನೀಲಿಮುಗಿಲು ಅವರೇ, ಧೂಳು ಮತ್ತು ಝಳ ಎರಡೂ ಅಡ್ಡಿಗಳೇ ಆದರೂ ಅವು ಅಡ್ಡಿಪಡಿಸುವ ರೀತಿ ಬೇರೆ. ಧೂಳಿನ ಚುಕ್ಕೆ ಎದ್ದು ಕಾಣುವುದು ಬಹುಮಟ್ಟಿಗೆ ಬರಿಯ ಆಕಾಶದ ಮೇಲೆ, ಮತ್ತು ಅದನ್ನು ಅಕ್ಕಪಕ್ಕದ ಅದೇ ಆಕಾಶದ ಬಣ್ಣದಿಂದ ತುಂಬುತ್ತೇವೆ. ಅದೇ ಚುಕ್ಕೆ ನೋಂದಣಿ ಅಕ್ಷರದ ಮೇಲೆ ಬಿದ್ದಿದ್ದರೆ ಅಲ್ಲಿ ಊಹಿಸಿ ಬರೆಯುವುದನ್ನು ನಾನು ಒಪ್ಪುತ್ತಿರಲಿಲ್ಲ.

ಝಳದ ಕಥೆಯೇ ಬೇರೆ. ಕಾದ ನೆಲದಿಂದ ಏಳುವ ಗಾಳಿಯಲ್ಲಿ ಬಿಸಿ ಮತ್ತು ತಂಪಿನ ಪದರಗಳು ಬೆರೆತಿರುತ್ತವೆ; ಅವುಗಳ ಸಾಂದ್ರತೆ ಬೇರೆಬೇರೆಯಾಗಿರುವುದರಿಂದ ಬೆಳಕು ಒಂದೊಂದು ಪದರದಲ್ಲೂ ಸ್ವಲ್ಪ ಸ್ವಲ್ಪ ಬಾಗುತ್ತದೆ. ಕಿಟಕಿಯ ಅಂಚಿನಿಂದ ಹೊರಟ ಬೆಳಕು ಸೆನ್ಸರಿನಲ್ಲಿ ತಾನು ಬೀಳಬೇಕಾದ ಜಾಗ ಬಿಟ್ಟು ಬೇರೆಲ್ಲೋ ಬೀಳುತ್ತದೆ, ಪಕ್ಕದ ಅಂಚಿನ ಬೆಳಕಿನೊಡನೆ ಕಲಸಿಹೋಗುತ್ತದೆ. ಹೀಗೆ ಕಲಸಿಹೋದ ಮೇಲೆ ಯಾವುದು ಎಲ್ಲಿಂದ ಬಂತು ಎಂಬ ಲೆಕ್ಕ ಆ ಒಂದು ಫ್ರೇಮಿನಲ್ಲಿ ಉಳಿದಿರುವುದೇ ಇಲ್ಲ. ಲೆನ್ಸ್ ಎಷ್ಟೇ ಉತ್ತಮವಾಗಿರಲಿ, ಶಟರ್ ಎಷ್ಟೇ ವೇಗವಾಗಿರಲಿ, ಇದಕ್ಕೆ ಮದ್ದಿಲ್ಲ. ಬೆಳಗಿನ ತಂಪಿನಲ್ಲಿ ತೆಗೆಯಬೇಕು, ಇಲ್ಲವೇ ವಿಮಾನಕ್ಕೂ ನಮಗೂ ನಡುವಿನ ದೂರವನ್ನು ಕಡಿಮೆ ಮಾಡಿಕೊಳ್ಳಬೇಕು.

ಹಾಗಾದರೆ ತಂತ್ರಾಂಶ ತಂದುಕೊಟ್ಟ ಸ್ಫುಟತೆ ಎಲ್ಲಿಂದ ಬಂತು? ತಾನು ಕಲಿಯುವಾಗ ಕಂಡ ಸಾವಿರಾರು ಬೇರೆ ಚಿತ್ರಗಳಿಂದ ಬಂತು. ನಿಮ್ಮ ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ರೆಕ್ಕೆಯ ಹಿಂದಿನ ಅಂಚನ್ನು ದಯವಿಟ್ಟು ನೋಡಿ. ಹಾರಾಟದಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತನ್ನು ಗಾಳಿಗೆ ಬಿಡುವ ತೆಳ್ಳನೆಯ ಕಡ್ಡಿಗಳು ಅಲ್ಲಿರುತ್ತವೆ. ಇಂತಹ ತಂತ್ರಾಂಶಗಳು ಅವುಗಳಲ್ಲಿ ಕೆಲವನ್ನು ಅಳಿಸುತ್ತವೆ, ಇಲ್ಲವೇ ಎರಡನ್ನು ಸೇರಿಸಿ ಒಂದಾಗಿಸುತ್ತವೆ. ನೋಂದಣಿಯಲ್ಲಿ ‘ಬಿ’ ಅಕ್ಷರವು ‘8’ ಆಗುವುದು, ‘ಓ’ ಅಕ್ಷರವು ‘ಕ್ಯೂ’ ಆಗುವುದು ಇದೇ ರೀತಿಯಲ್ಲಿ, ಮತ್ತು ತಪ್ಪಾದ ಆ ಅಕ್ಷರವೂ ಸರಿಯಾದ ಅಕ್ಷರದಷ್ಟೇ ಸ್ಫುಟವಾಗಿ ಕಾಣುತ್ತದೆ. ಮಸುಕಾದ ಅಕ್ಷರವು ತಾನು ಮಸುಕಾಗಿರುವುದನ್ನಾದರೂ ನೋಡುಗರಿಗೆ ತಿಳಿಸುತ್ತದೆ.

ಹೊಸಗಣ್ಣು:
ದೂರನೋಟ ಅವರ ವಿವರಣೆಗೆ ಧನ್ಯವಾದಗಳು, ಆದರೆ ನನಗೊಂದು ಸಂದೇಹ ಉಳಿದಿದೆ. ಬಹುತೇಕ ಡಿಜಿಟಲ್ ಕ್ಯಾಮೆರಾಗಳ ಸೆನ್ಸರಿನಲ್ಲಿ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ದಾಖಲಿಸುತ್ತದೆ; ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕಹಾಕಿ ತುಂಬಲಾಗುತ್ತದೆ. ಅಂದರೆ ತಿದ್ದದ ಚಿತ್ರ ಎಂದು ನಾವು ಕರೆಯುವ ಚಿತ್ರದಲ್ಲಿಯೂ ಮೂರನೇ ಎರಡು ಪಾಲು ಬಣ್ಣದ ಮಾಹಿತಿ ಊಹೆಯೇ. ಪ್ರೊಪೆಲರ್ ವಿಚಾರವಂತೂ ಇನ್ನೂ ವಿಚಿತ್ರವಾಗಿದೆ. ಸೆಕೆಂಡಿನ 2000ನೇ ಒಂದು ಭಾಗದ ಶಟರ್ ವೇಗದಲ್ಲಿ ತೆಗೆದರೆ ಅಲಗುಗಳು ನಿಂತುಬಿಟ್ಟಂತೆ ಕಾಣುತ್ತವೆ, ಎಂಜಿನ್ ಕೆಟ್ಟ ವಿಮಾನವು ಆಕಾಶದಲ್ಲಿ ತೂಗುಹಾಕಿದಂತಿರುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಸೆನ್ಸರಿನ ಸಾಲುಗಳು ಒಂದಾದ ಮೇಲೊಂದು ಓದಲ್ಪಡುವುದರಿಂದ ಅದೇ ಅಲಗುಗಳು ಕುಡುಗೋಲಿನಂತೆ ಬಾಗಿರುತ್ತವೆ. ಇವೆಲ್ಲವನ್ನೂ ಸತ್ಯವೆಂದು ಒಪ್ಪಿ, ತಂತ್ರಾಂಶ ಮಾಡಿದ್ದನ್ನು ಮಾತ್ರ ಸುಳ್ಳು ಎನ್ನುವುದು ನ್ಯಾಯವೇ?

ದೂರನೋಟ:
ಬಹಳ ಒಳ್ಳೆಯ ಪ್ರಶ್ನೆ. ಬಣ್ಣ ತುಂಬುವ ಲೆಕ್ಕವೂ ಊಹೆಯೇ ಎಂಬುದನ್ನು ಒಪ್ಪುತ್ತೇನೆ. ಸೂಕ್ಷ್ಮವಾದ ಗೆರೆಗಳಿರುವ ಕಡೆ ಅದು ಇಲ್ಲದ ಬಣ್ಣದ ಪಟ್ಟೆಗಳನ್ನೂ ಮೂಡಿಸುತ್ತದೆ. ಆದರೆ ಆ ಊಹೆಗೆ ಬಳಕೆಯಾಗುವುದು ಅದೇ ಕ್ಷಣದಲ್ಲಿ ಅದೇ ವಿಮಾನದಿಂದ ಬಂದು ಪಕ್ಕದ ಬಿಂದುವಿನ ಮೇಲೆ ಬಿದ್ದ ಬೆಳಕು. ಬೇರೆ ವಿಮಾನದ ಕಿಟಕಿಯನ್ನು ಅದು ಎಂದಿಗೂ ಎರವಲು ತರುವುದಿಲ್ಲ. ನಾನು ಗೆರೆ ಎಳೆಯುವುದು ಇಲ್ಲಿಯೇ.

ಪ್ರೊಪೆಲರ್ ವಿಷಯದಲ್ಲಿ ಕ್ಯಾಮೆರಾ ಹೇಳುವುದು ಸುಳ್ಳಲ್ಲ, ಅದು ನಾವು ಕೊಟ್ಟ ಅವಧಿಯ ಲೆಕ್ಕವನ್ನು ಒಪ್ಪಿಸುತ್ತದೆ. ಎಟಿಆರ್ 72ರ ಈಚಿನ ಮಾದರಿಗಳಲ್ಲಿ ಪ್ರೊಪೆಲರಿಗೆ ಆರು ಅಲಗುಗಳು. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಸೆಕೆಂಡಿನ 2000ನೇ ಒಂದು ಭಾಗದಲ್ಲಿ ಅಲಗು ಸರಿಯುವುದು 4 ಡಿಗ್ರಿಗೂ ಕಡಿಮೆ. 125ನೇ ಒಂದು ಭಾಗ ಕೊಟ್ಟರೆ ಸುಮಾರು 58 ಡಿಗ್ರಿ ಸರಿಯುತ್ತದೆ. ಎರಡು ಅಲಗುಗಳ ನಡುವಿನ ಅಂತರ 60 ಡಿಗ್ರಿ ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಚಕ್ರವೇ ಮೂಡುತ್ತದೆ. ಅಷ್ಟು ನಿಧಾನದ ಶಟರಿನಲ್ಲಿ ವಿಮಾನದ ಮೈ ಮಾತ್ರ ಸ್ಫುಟವಾಗಿರಬೇಕಾದರೆ ಲೆನ್ಸನ್ನು ಅದರ ಓಟಕ್ಕೆ ಸರಿಯಾಗಿ ತಿರುಗಿಸುತ್ತಾ ಹೋಗಬೇಕು, ಅಂದರೆ ಪ್ಯಾನಿಂಗ್ ಕೈಗೆ ಹತ್ತಿರಬೇಕು. ಹತ್ತಾರು ಫ್ರೇಮುಗಳಲ್ಲಿ ಒಂದು ಒಲಿದರೂ ಸಿಗುವ ಸಂತೋಷ ಯಾವ ತಂತ್ರಾಂಶದಿಂದಲೂ ದೊರೆಯುವುದಿಲ್ಲ ಎಂಬುದು ನನ್ನ ನಂಬಿಕೆ. ನಿಂತ ಅಲಗುಗಳ ಮೇಲೆ ಕಂಪ್ಯೂಟರಿನಲ್ಲಿ ಮಸುಕನ್ನು ಬಳಿಯುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ.

ದಾಖಲೆಪ್ರಿಯ:
ಚರ್ಚೆ ಇಷ್ಟು ಹೊತ್ತು ಅಂದ ಮತ್ತು ತಂತ್ರದ ಸುತ್ತಲೇ ನಡೆದಿದೆ. ಇಂತಹ ಚಿತ್ರಗಳು ಮುಂದೆ ಯಾರ ಕೈಗೆ ಹೋಗುತ್ತವೆ ಎಂಬುದನ್ನೂ ಯೋಚಿಸಬೇಕೆಂದು ನನ್ನ ಕೋರಿಕೆ. 1979ರ ಮೇ 25ರಂದು ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಮೇಲೇರುವಾಗಲೇ ಎಡ ಎಂಜಿನನ್ನು ಕಳೆದುಕೊಂಡ ಡಿಸಿ-10 ವಿಮಾನವು ಪಕ್ಕಕ್ಕೆ ವಾಲಿ ಬೀಳುತ್ತಿರುವುದು ನೆಲದ ಮೇಲಿದ್ದವರೊಬ್ಬರ ಕ್ಯಾಮೆರಾದಲ್ಲಿ ಸೆರೆಯಾಯಿತು. 1985ರ ಆಗಸ್ಟ್ 12ರಂದು 520 ಜನರನ್ನು ಬಲಿತೆಗೆದುಕೊಂಡ ಜಪಾನ್ ಏರ್‌ಲೈನ್ಸ್ 123 ವಿಮಾನದ ಚಿತ್ರವನ್ನು ಅದು ಬೀಳುವ ಮೊದಲು ನೆಲದಿಂದ ಒಬ್ಬರು ತೆಗೆದಿದ್ದರು. ವಿಮಾನ ಚಿಕ್ಕದಾಗಿ, ಮಂಕಾಗಿ ಕಾಣುವ ಆ ಚಿತ್ರ ಇಂದಿನ ಯಾವ ಪರಿಶೀಲಕರ ಮುಂದೆಯೂ ನಿಲ್ಲುತ್ತಿರಲಿಲ್ಲ. ಆದರೆ ಆ ಬೋಯಿಂಗ್ 747ರ ಬಾಲದ ಮೇಲೆ ನೆಟ್ಟಗೆ ನಿಂತಿರಬೇಕಾದ ರೆಕ್ಕೆಯ ಹೆಚ್ಚಿನ ಭಾಗ ಅಲ್ಲಿಲ್ಲ ಎಂಬುದನ್ನು ಅದು ಜಗತ್ತಿಗೆ ತೋರಿಸಿತು.

ಇಂದಿನ ತಂತ್ರಾಂಶಕ್ಕೆ ಅಂಥದೊಂದು ಮಂಕು ಚಿತ್ರವನ್ನು ಕೊಟ್ಟರೆ ಏನಾದೀತು ಎಂದು ಯೋಚಿಸಿ. ಅದು ಕಲಿತಿರುವ 747ಗಳಿಗೆಲ್ಲ ಆ ರೆಕ್ಕೆ ಇದೆ. ಇಲ್ಲದಿರುವುದನ್ನು ಕೊರತೆಯೆಂದು ಭಾವಿಸಿ ತುಂಬುವ ಸಾಧನವೊಂದು ಅಲ್ಲಿ ರೆಕ್ಕೆಯ ಅಂಚನ್ನು ಎಳೆದುಬಿಡಬಹುದು. ಮುಖ್ಯವಾದ ಸಾಕ್ಷ್ಯವೇ ಆ ಇಲ್ಲದಿರುವಿಕೆಯಾಗಿತ್ತು.

ನೋಂದಣಿ ಸಂಖ್ಯೆಯ ಬೆಲೆಯೂ ಚಿಕ್ಕದಲ್ಲ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಶಂಕಿತರನ್ನು ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದುದನ್ನು ಪತ್ರಕರ್ತರು ಬೆನ್ನುಹತ್ತಿದಾಗ, ಹವ್ಯಾಸಿಗಳು ವಿಮಾನ ನಿಲ್ದಾಣಗಳ ಬಳಿ ತೆಗೆದು ಅಂತರ್ಜಾಲದಲ್ಲಿ ಹಂಚಿದ್ದ ಚಿತ್ರಗಳು ನೆರವಾದವು. ಎನ್313ಪಿ ಎಂಬ ನೋಂದಣಿಯ ಬೋಯಿಂಗ್ 737 ಅವುಗಳಲ್ಲಿ ಒಂದು. ಅಂತಹ ಕೆಲಸದಲ್ಲಿ ಒಂದು ಅಂಕಿ ಬದಲಾದರೆ ಹುಡುಕಾಟ ಬೇರಾವುದೋ ವಿಮಾನದ ಕಡೆಗೆ ತಿರುಗುತ್ತದೆ.

ಹೊಸಗಣ್ಣು:
ಹಾಗಿದ್ದರೆ ಖಾಸಗಿ ವಿಮಾನಗಳ ನೋಂದಣಿಯನ್ನು ಬೇಕೆಂದೇ ಮಸುಕುಮಾಡಿ ಹಾಕುವವರು ಮಾಡುತ್ತಿರುವುದೂ ಅದೇ ತಪ್ಪೇ?

ದಾಖಲೆಪ್ರಿಯ:
ಅಲ್ಲ. ಮುಚ್ಚಿದ್ದು ಮುಚ್ಚಿದಂತೆಯೇ ಕಾಣುತ್ತದೆ, ಅದರಿಂದ ಯಾರಿಗೂ ತಪ್ಪು ಮಾಹಿತಿ ಹೋಗುವುದಿಲ್ಲ. ಬಹುಪಾಲು ವಿಮಾನಗಳು ತಮ್ಮ ಗುರುತನ್ನು ರೇಡಿಯೊ ಮೂಲಕ 1090 ಮೆಗಾಹರ್ಟ್ಸ್‌ನಲ್ಲಿ ತಾವೇ ಪ್ರಸಾರ ಮಾಡುತ್ತಿರುವುದರಿಂದ ಮುಚ್ಚುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಬೇರೆ ಮಾತು.

ನೀಲಿಮುಗಿಲು:
ನೋಂದಣಿ ಮತ್ತು ರೆಕ್ಕೆಯ ವಿಷಯದಲ್ಲಿ ನಿಮ್ಮಿಬ್ಬರ ವಾದವನ್ನು ಒಪ್ಪುತ್ತೇನೆ. ಆದರೆ ಅಪಘಾತದ ತನಿಖೆಗಾಗಿಯೇ ನಾವೆಲ್ಲರೂ ಕ್ಯಾಮೆರಾ ಹಿಡಿದು ನಿಂತಿಲ್ಲ. ಸಂಜೆಯ ಬೆಳಕಿನಲ್ಲಿ ರೆಕ್ಕೆಯ ಮೇಲೆ ತೇವದ ಗಾಳಿ ಹಬೆಯಾಗಿ ಮೂಡುವುದನ್ನು ಕಂಡು ಮನಸೋತು ಚಿತ್ರ ತೆಗೆಯುವವರೂ ಇದ್ದಾರೆ. ನಾನು ಬಿಳಿಚಿದ ಆಕಾಶವನ್ನು ತೆಗೆದು ಮೋಡಗಳಿರುವ ಆಕಾಶವನ್ನು ಕೂಡಿಸಿದರೆ, ಮತ್ತು ಹಾಗೆ ಮಾಡಿದ್ದೇನೆಂದು ಚಿತ್ರದ ಕೆಳಗೆ ಬರೆದರೆ, ಯಾರಿಗೆ ನಷ್ಟ?

ದೂರನೋಟ:
ಮೋಡದ ಹಿಂದೆ ಸೂರ್ಯನಿರುವ ಆಕಾಶವನ್ನು ಹಾಕಿ, ವಿಮಾನದ ಮೈಮೇಲೆ ಎಡದಿಂದ ಬಿದ್ದ ನಡುಹಗಲಿನ ನೆರಳನ್ನು ಹಾಗೆಯೇ ಉಳಿಸಿದ ಚಿತ್ರಗಳು ನನ್ನ ಕಣ್ಣಿಗಂತೂ ಅಂದವಾಗಿ ಕಂಡಿಲ್ಲ. ಆದರೂ ಅದು ರುಚಿಯ ಮಾತು, ಅದಕ್ಕೆ ನಿಷೇಧ ಹೇರುವುದು ನನಗೆ ಇಷ್ಟವಿಲ್ಲ.

ದಾಖಲೆಪ್ರಿಯ:
ನನ್ನ ಅಡ್ಡಿ ಇರುವುದು ಕೆಳಗೆ ಬರೆಯುವ ಆ ಟಿಪ್ಪಣಿಯ ಬಾಳಿಕೆಯ ಬಗ್ಗೆ. ಚಿತ್ರವನ್ನು ಯಾರೋ ಇಳಿಸಿಕೊಂಡು ಮತ್ತೊಂದು ಕಡೆ ಹಾಕುವಾಗ ಟಿಪ್ಪಣಿ ಅದರ ಜೊತೆಗೆ ಹೋಗುವುದಿಲ್ಲ. ಕಡತದೊಳಗಿನ ಮಾಹಿತಿಯಲ್ಲಿ ಬರೆದಿಟ್ಟರೂ ಹಲವು ಸಾಮಾಜಿಕ ಜಾಲತಾಣಗಳು ಅದನ್ನು ಕಿತ್ತುಹಾಕುತ್ತವೆ. ಚಿತ್ರ ಎಲ್ಲಿ ಹುಟ್ಟಿತು, ಎಲ್ಲಿ ಬದಲಾಯಿತು ಎಂಬುದನ್ನು ಡಿಜಿಟಲ್ ಸಹಿಯೊಂದಿಗೆ ಚಿತ್ರಕ್ಕೇ ಅಂಟಿಸುವ ಸಿ2ಪಿಎ ಎಂಬ ಮಾನಕದ ಕೆಲಸ 2021ರಲ್ಲಿ ಆರಂಭವಾಗಿ, 2023ರಲ್ಲಿ ಲೈಕಾ ಎಂ11-ಪಿ ಕ್ಯಾಮೆರಾದಲ್ಲಿಯೇ ಅಳವಡಿಕೆಯಾಯಿತು. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಕ್ಯಾಮೆರಾಗಳಲ್ಲಿ ಆ ಸೌಲಭ್ಯವಿಲ್ಲ. ಅದು ಬರುವವರೆಗೆ ನನ್ನದೊಂದು ಸಲಹೆ. ಕೂಡಿಸಿದ ಆಕಾಶದ ಚಿತ್ರವನ್ನು ಖಂಡಿತ ಹಂಚಿಕೊಳ್ಳಿ, ಆದರೆ ಅದಕ್ಕೆ ನೋಂದಣಿ ಸಂಖ್ಯೆ, ದಿನಾಂಕ, ಸ್ಥಳಗಳ ಗುರುತುಪಟ್ಟಿಯನ್ನು ಕೊಡಬೇಡಿ. ಆ ನಿರ್ದಿಷ್ಟ ವಿಮಾನವನ್ನು ಹುಡುಕುವವರಿಗೆ ಅದು ಸಿಗದಿದ್ದರೆ ಸಾಕು.

ನೀಲಿಮುಗಿಲು:
ಗುರುತುಪಟ್ಟಿಯ ಸಲಹೆ ನನಗೆ ಒಪ್ಪಿಗೆಯಾಗಿದೆ. ಪರಿಶೀಲನೆಯ ತಾಣಕ್ಕೆ ಅದೇ ಸರಣಿಯ ಇನ್ನೊಂದು ಫ್ರೇಮನ್ನು ಕಳುಹಿಸುತ್ತೇನೆ. ಅದರಲ್ಲಿ ಕಿಟಕಿಗಳು ಬಳುಕಿದ್ದರೂ ಅಕ್ಷರಗಳನ್ನು ಕಷ್ಟಪಟ್ಟು ಓದಬಹುದು. ಅದನ್ನು ಅವರು ಝಳದ ಕಾರಣಕ್ಕೆ ತಿರಸ್ಕರಿಸಬಹುದು, ಮತ್ತು ಹಾಗೆ ತಿರಸ್ಕರಿಸಿದರೆ ಅದು ಅನ್ಯಾಯವೆಂದು ವಾದಿಸಲು ನಾನು ಮತ್ತೆ ಬರುತ್ತೇನೆ. ದಾಖಲೆಯೇ ಮುಖ್ಯವೆಂದ ಮೇಲೆ ಮಂಕಾದ ದಾಖಲೆಗೂ ಅವರು ಜಾಗ ಕೊಡಬೇಕು.