ಪದಚರ್ಚೆ: ಶಿಂತೋ "ಬುನ್ಷಿ"ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ, ಒಂದು ಪದ ಅರ್ಜೆಂಟಾಗಿ ಬೇಕಿತ್ತು, ಪುಟ ಇವತ್ತು ರಾತ್ರೀನೇ ಪ್ರೆಸ್‌ಗೆ ಹೋಗುತ್ತೆ. ಜಪಾನಿನ ಶಿಂತೋ ಧರ್ಮದ ಇಜುಮೊ ತೈಶಾಕ್ಯೋ ಪಂಥದ ಮೇಲಿನ ಲೇಖನ ಅನುವಾದ ಮಾಡ್ತಿದೀನಿ. ದೊಡ್ಡ ಗುಡಿಗಳ ಅರ್ಚಕರು ಧರ್ಮಬೋಧನೆ ಮಾಡೋ ಹಾಗಿಲ್ಲ ಅಂತ 1882ರಲ್ಲಿ ಮೇಜಿ ಸರ್ಕಾರ ಕಟ್ಟು ಹಾಕಿದಾಗ ಇಜುಮೊದ ದೊಡ್ಡ ಗುಡಿಯ ಪ್ರಧಾನ ಅರ್ಚಕ ಸೆಂಗೆ ತಕತೋಮಿ ತಲೆತಲಾಂತರದ ಪಟ್ಟಾನ ತಮ್ಮನಿಗೆ ಬಿಟ್ಟುಕೊಟ್ಟು ಈಚೆ ಬಂದು ಈ ಪಂಥ ಕಟ್ಟಿದರು. ಆಮೇಲೆ ಬೇರೆ ಬೇರೆ ಊರಲ್ಲಿ ಗುಡಿ ಎದ್ದವು, ಟೋಕಿಯೋದ ರೊಪ್ಪೊಂಗಿಯಲ್ಲಿದೆ, ಹೊನೊಲುಲುವಿನದು 1906ರದ್ದು. ಇಂಥವಕ್ಕೆ ಬುನ್ಷಿ ಅಂತಾರೆ. ನಾನು "ಶಾಖಾ ದೇವಾಲಯ" ಅಂತ ಹಾಕಿದೀನಿ, ನಡೆಯುತ್ತಾ?

---

> ಶಾಖಾ ದೇವಾಲಯ

ಎರಡೂ ಸಂಸ್ಕೃತ. "ಕವಲುಗುಡಿ" ಅನ್ನಿ, ಮುಗೀತು. ಗುಡಿ ಅನ್ನೋ ನಮ್ಮದೇ ಪದ ಇರುವಾಗ ದೇವಾಲಯ ಯಾಕೆ?

---

ಕವಲುಗುಡಿ ಬೇಡವೇ ಬೇಡ. ಹೊಳೆ ಕವಲೊಡೆದರೆ ನೀರು ಹಂಚಿಹೋಗುತ್ತೆ, ಮೂಲದ ಹರಿವು ಕಮ್ಮಿ ಆಗುತ್ತೆ. ಶಿಂತೋದಲ್ಲಿ ದೇವರನ್ನ ಎಷ್ಟು ಕಡೆ ಕರೆದೊಯ್ದು ಕೂರಿಸಿದರೂ ಮೂಲಗುಡೀಲಿ ಎಳ್ಳಷ್ಟೂ ಕಮ್ಮಿ ಆಗಲ್ಲ, ಹೊಸ ಗುಡೀಲೂ ಪೂರ್ತಿ ಇಜುಮೊದ ದೇವರು ಓಕುನಿನುಶಿಯೇ ಇರೋದು, ನಂಬಿಕೆಯ ತಿರುಳೇ ಅದು. ಅಷ್ಟಾದರೂ ಮೂಲದ ಕಟ್ಟಳೆ ಬಿಟ್ಟುಹೋಗಲ್ಲ. ಬೇರೆ ಹೆಚ್ಚಿನ ಶಿಂತೋ ಗುಡಿಗಳಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಾಗೋದು, ಇಜುಮೊದಲ್ಲಿ ನಾಲ್ಕು ಚಪ್ಪಾಳೆ, ರೊಪ್ಪೊಂಗಿಯ ಗುಡೀಲೂ ನಾಲ್ಕೇ. ಹೊನೊಲುಲುವಿನ ಗುಡಿ ಯುದ್ಧದ ಹೊತ್ತಲ್ಲಿ ಕೈತಪ್ಪಿ, 1960ರ ದಶಕದಲ್ಲಿ ವಾಪಸ್ ಬಂದಮೇಲೂ ಇಜುಮೊದ ನಂಟು ಹಾಗೇ ಉಳಕೊಂಡಿದೆ. ಮೂಲಮಠ, ಶಾಖಾಮಠ ಅಂತ ನಮ್ಮ ಜನ ದಿನಾ ಆಡ್ತಾರಲ್ಲ, ಅದೇ ದಾರೀಲಿ ಮೂಲಗುಡಿ, ಶಾಖಾಗುಡಿ ಅನ್ನಿ.

---

"ಶಾಖಾಗುಡಿ" ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಒಪ್ಪಲ್ಲ.

---

ಹಾಗಿದ್ರೆ "ಮೂಲಗುಡಿ"ನೂ ಅರಿಸಮಾಸವೇ, ಅದನ್ಯಾಕೆ ಬಿಟ್ಟಿರಿ? ಜಪಾನೀಸರೂ "ಬುನ್" ಅನ್ನೋದನ್ನ ಚೀನೀ ಭಾಷೆಯಿಂದ ತಂದವರು, ಅದರಿಂದ ಅವರ ದೇವರಿಗೇನೂ ಕುಂದು ಬರ್ಲಿಲ್ಲ. ಸಂಸ್ಕೃತ ಕಂಡಕೂಡಲೇ ಕತ್ತರಿ ಹಿಡಿಯೋರಿಂದ ಹೊಸ ವಿಷಯ ಬರೆಯೋರು ಕನ್ನಡಾನೇ ಬಿಟ್ಟು ಇಂಗ್ಲಿಷಿಗೆ ಹೋಗ್ತಾರೆ, ಅದು ನನಗೆ ನಿಜವಾಗಲೂ ಸಂಕಟ.

---

ಸಂಸ್ಕೃತ ಬೇಡ ಅಂದೋನಲ್ಲ ನಾನು, ಗುಡಿ ಇದ್ದಾಗ ದೇವಾಲಯ ಯಾಕೆ ಅಂದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

---

ಎಲ್ಲರಿಗೂ ಥ್ಯಾಂಕ್ಸ್. "ಶಾಖಾಗುಡಿ" ಅಂತ ಹಾಕಿ ಕಳಿಸಿದೆ, ಮೊದಲ ಸಲ ಬರೋ ಕಡೆ ಬುನ್ಷಿ ಅಂತಲೂ ಉಳಿಸಿದೀನಿ.